ಶುಕ್ರವಾರದ ಫೋನಿನಲ್ಲಿ ನಾನು ಹೇಳದ ಮಾತು

ನನ್ನ ಗಂಡನ ಊರಿಗೆ ಆಗ ಇದ್ದದ್ದು ಒಂದೇ ಫೋನು. ಅದು ನನ್ನ ಮಾವನ ಮನೆಯ ಚಾವಡಿಯಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ, ಅತ್ತೆ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಕೂತಿರುತ್ತಿತ್ತು. ಶುಕ್ರವಾರ ಸಂಜೆ ಆ ಬಟ್ಟೆ ತೆಗೆಯುತ್ತಿದ್ದರು. ಗಂಡಂದಿರು ಸೌದಿಯಲ್ಲಿರುವ ಹೆಂಗಸರು ಕೆಲಸ ಮುಗಿಸಿ, ಮುಖ ತೊಳೆದು, ಮಕ್ಕಳ ತಲೆ ಬಾಚಿ ಕರೆದುಕೊಂಡು ಬಂದು ಜಗಲಿಯಲ್ಲಿ ಕಾಯುತ್ತಿದ್ದರು.

ಇತ್ತ ಸೌದಿಯಲ್ಲಿ, ನಾನೂ ನನ್ನ ಗಂಡನೂ ಇದ್ದ ಥುಕ್ಬಾದಲ್ಲಿ, ಅವರ ಗಂಡಂದಿರು ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಮಾಡಿ, ಒಟ್ಟಾಗಿ ಟೆಲಿಫೋನ್ ಕ್ಯಾಬಿನ್ನುಗಳ ಅಂಗಡಿಗೆ ಹೋಗುತ್ತಿದ್ದರು. ಒಬ್ಬೊಬ್ಬರು ಬೇರೆ ಬೇರೆ ಕರೆ ಮಾಡುತ್ತಿರಲಿಲ್ಲ. ಒಂದು ಕರೆ, ಒಂದು ರಿಸೀವರ್, ಸರದಿ. ಅಲ್ಲಿಯೂ ಸರದಿ. ಅತ್ತೆ ಫೋನಿನ ಪಕ್ಕದಲ್ಲೇ ನಿಂತಿರುತ್ತಿದ್ದುದರಿಂದ ಯಾವ ಹೆಂಗಸಿಗೂ ಗಂಡನ ಹತ್ತಿರ ಮನಸ್ಸಿನ ಮಾತು ಆಡಲು ಆಗುತ್ತಿರಲಿಲ್ಲ. ‘ಹ್ಞೂಂ’, ‘ಆಯ್ತು’, ‘ಮಕ್ಕಳು ಚೆನ್ನಾಗಿದ್ದಾರೆ’, ಇಷ್ಟೇ. ಗಂಡಸರು ಮಾತ್ರ ಇಲ್ಲಿಂದ ಎಲ್ಲವನ್ನೂ ಹೇಳುತ್ತಿದ್ದರು. ಯಾವ ಗದ್ದೆಗೆ ಯಾವ ಬೀಜ, ಯಾರ ಮದುವೆಗೆ ಹೋಗಬೇಕು, ಯಾರ ಮನೆಗೆ ಹೋಗಬಾರದು. ಚುನಾವಣೆ ಬಂದಾಗ ಯಾರಿಗೆ ಓಟು ಎಂಬುದನ್ನೂ.

ತೊಂಬತ್ತರ ದಶಕದ ನಡುವೆ ಬಂದ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಕ್ಷೇತ್ರದಿಂದ ನನ್ನ ಚಿಕ್ಕಮ್ಮ ಪಕ್ಷೇತರರಾಗಿ ನಿಂತರು. ಅವರು ಅಮ್ಮನ ತಂಗಿ. ಸರ್ಕಾರಿ ದಾದಿಯಾಗಿ ಮೂವತ್ತು ವರ್ಷ ಅದೇ ಕ್ಷೇತ್ರದ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತ ನಡೆದವರು. ಎಲ್ಲರಿಗೂ ಅವರು ನರ್ಸಮ್ಮ. ಮದುವೆಯಾಗಲಿಲ್ಲ. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ್ದು ಅವರ ಮನೆಯಲ್ಲಿದ್ದುಕೊಂಡೇ.

ಅವರು ನಿಂತದ್ದು ಒಂದು ಕೊಳಾಯಿಗಾಗಿ ಎಂದರೆ ಯಾರೂ ನಂಬುವುದಿಲ್ಲ. ಆರೋಗ್ಯ ಕೇಂದ್ರದ ಹೆರಿಗೆ ಕೋಣೆಗೆ ನೀರಿರಲಿಲ್ಲ. ಹಾಲಿ ಶಾಸಕರು, ಬಸ್ಸುಗಳ ಧನಿ, ಪ್ರತಿ ವರ್ಷ ‘ಬರ್ತದೆ ನರ್ಸಮ್ಮ, ಬರ್ತದೆ’ ಎನ್ನುತ್ತಿದ್ದರು. ಚಿಕ್ಕಮ್ಮ ನಿವೃತ್ತರಾಗುವ ದಿನವೂ ಬಾಲ್ದಿಯಲ್ಲೇ ನೀರು ತಂದು ಕೈ ತೊಳೆದು ಹೊರಟರು. ಆ ಬೇಸಿಗೆಯಲ್ಲಿ ನಾನು ರಜೆಯಲ್ಲಿ ಊರಿಗೆ ಹೋಗಿದ್ದಾಗ ಅವರು ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳಿದರು:

“ಈ ಸಲ ನಾನೇ ನಿಲ್ಲುದು ಅಂತ.”

“ಗೆಲ್ತೀರಾ ಚಿಕ್ಕಮ್ಮಾ?”

“ಗೆಲ್ಲುದು ಬಿಡು. ನನ್ನ ಕೈಯಲ್ಲಿ ಹೆತ್ತವರು ಎಷ್ಟು ಜನ ನನ್ನ ಗುರುತಿಗೆ ಒತ್ತುತ್ತಾರೆ ಅಂತ ಒಮ್ಮೆ ಎಣಿಸಿ ನೋಡ್ಬೇಕು. ಅಷ್ಟು ಜನ ಉಂಟು ಅಂತ ಕಂಡರೆ ಯಾವ ಧನಿಯಾದರೂ ನಲ್ಲಿ ಹಾಕಿಸ್ತಾನೆ.”

ಕ್ಷೇತ್ರ ದೊಡ್ಡದು. ಅವರಿಗೆ ಜೀಪಿಲ್ಲ, ಜನರಿಲ್ಲ. ಇರುವ ದಿನಗಳಲ್ಲಿ ಎಲ್ಲಿಗೆಲ್ಲ ನಡೆದು ತಲುಪಬಹುದು ಎಂದು ಅವರು ಲೆಕ್ಕ ಹಾಕುತ್ತಿದ್ದರು. ನನ್ನ ಗಂಡನ ಊರು ಕ್ಷೇತ್ರದ ಇನ್ನೊಂದು ತುದಿ, ಹೊಳೆಯಾಚೆ. “ಅಲ್ಲಿಗೆ ನಾನು ಬರುದಿಲ್ಲ. ಆ ಊರು ನಿನಗೆ ಬಿಟ್ಟದ್ದು. ನಿಮ್ಮಲ್ಲಿ ಶುಕ್ರವಾರದ ಫೋನು ಉಂಟಲ್ಲ? ಎಲ್ಲ ಹೆಂಗಸರೂ ಒಂದೇ ಜಗಲಿಯಲ್ಲಿ ಸಿಗ್ತಾರೆ. ನೀನು ಒಂದು ಮಾತು ಹೇಳಿದರೆ ನಾನು ನಾಲ್ಕು ದಿನ ನಡೆದ ಹಾಗೆ.”

ನಾನು ಒಪ್ಪಿಕೊಂಡೆ. ಅವರು ನನಗೆ ವಹಿಸಿದ ಕೆಲಸ ಅದೊಂದೇ.

ಗುರುತು ಸಿಕ್ಕಿದ ದಿನ ಚಿಕ್ಕಮ್ಮ ಪೇಟೆಯ ಎಸ್‌ಟಿಡಿ ಬೂತಿನಿಂದ ನಮ್ಮ ಫ್ಲ್ಯಾಟಿಗೆ ಫೋನ್ ಮಾಡಿದರು. ಅದು ಕಂಪನಿಯ ಫ್ಲ್ಯಾಟು. ಹೊರದೇಶದಿಂದ ಕರೆ ಬರುತ್ತಿತ್ತು, ಅಲ್ಲಿಂದ ಹೊರದೇಶಕ್ಕೆ ಮಾಡಲು ಆಗುತ್ತಿರಲಿಲ್ಲ. “ಹೊಲಿಗೆ ಮಿಷನ್. ನೆನಪಿಡು, ಹೊಲಿಗೆ ಮಿಷನ್. ಉದ್ದ ಮಾತಾಡುದಿಲ್ಲ, ಬೂತಿನವನು ನನ್ನನ್ನು ಬಿಟ್ಟು ಮೀಟರನ್ನೇ ನೋಡ್ತಾ ಇದ್ದಾನೆ.”

ಮರುದಿನವೇ ಶುಕ್ರವಾರ. ಹತ್ತಿರದ ಖತೀಫ್‌ನ ಮಾರುಕಟ್ಟೆಯಿಂದ ನನ್ನ ಗಂಡ ಬೆಳಿಗ್ಗೆಯೇ ಅಂಜಲ್ ಮೀನು ತಂದಿದ್ದರು. ನನಗೆ ಮೈ ಬಿಸಿಯಾಗಿತ್ತು, ಆದರೂ ಅಡಿಗೆ ಮಾಡಿದೆ. ಊಟಕ್ಕೆ ಬಂದವರಲ್ಲಿ ಕ್ರೇನ್ ಓಡಿಸುವವರೊಬ್ಬರು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ಗಂಟಲು. ಇನ್ನೊಬ್ಬರು ಎಲೆಕ್ಟ್ರಿಷಿಯನ್. ಊರಿನಲ್ಲಿ ಅವರದು ಮೂಲೆಮನೆ, ಮಾತು ಕಡಿಮೆ. ನನ್ನ ಗಂಡ ಗುತ್ತಿಗೆ ಕಂಪನಿಯೊಂದರಲ್ಲಿ ಅಕೌಂಟೆಂಟ್. ಫೋನು ಅವರ ಮನೆಯಲ್ಲಿದ್ದುದರಿಂದ ಊರಿನ ಗಂಡಸರಿಗೆಲ್ಲ ಇವರೇ ಯಜಮಾನ.

ನಾನು ಬಡಿಸುತ್ತಿದ್ದೆ. ಕ್ರೇನಿನವರು ಕೇಳಿದರು, “ಎಂತ ಅಕ್ಕ, ನಿಮ್ಮ ಚಿಕ್ಕಮ್ಮನಿಗೆ ಹೊಲಿಗೆ ಮಿಷನ್ ಸಿಕ್ಕಿದ್ದಂತೆ?”

“ಹೌದು.”

“ಅದು ವಿಧಾನಸೌಧಕ್ಕೆ ಹೋಗಿ ಎಂತ ಹೊಲಿತದೆ ಮಾರಾಯ್ರೆ? ಮಂತ್ರಿಗಳ ಲಂಗೋಟಿಯಾ?”

ಎಲ್ಲರೂ ನಕ್ಕರು. ಇವರೂ ನಕ್ಕರು. ನಾನು ಕ್ರೇನಿನವರ ತಟ್ಟೆಗೆ ಸಾರು ಹಾಕಿ ಹೇಳಿದೆ, “ನಿಮ್ಮ ಮಗಳು ಹುಟ್ಟಿದಾಗ ಹೊಕ್ಕುಳಬಳ್ಳಿ ಕತ್ತರಿಸಿದ್ದು ಅವರೇ ಅಲ್ಲವಾ?”

“ಅದಕ್ಕೆ ಸೀರೆ ಕೊಟ್ಟಿದ್ದೇವಲ್ಲ ಅಕ್ಕ. ಓಟೂ ಕೊಡ್ಬೇಕಾ?”

“ನೀವು ಕೊಡಲು ನಿಮಗೆ ಓಟೇ ಇಲ್ಲ. ಇಲ್ಲಿ ಕೂತವರ ಓಟು ಅಲ್ಲಿ ಬೀಳುವುದಿಲ್ಲ.”

“ಯಾರು ಹೇಳಿದ್ದು? ನಮ್ಮ ಓಟು ವೇಸ್ಟ್ ಆಗುದೇ ಇಲ್ಲ. ನಾವು ಇಲ್ಲಿ ಕೂತು ಮೀನು ತಿಂತಾ ಇದ್ದರೂ ಅದು ಅಲ್ಲಿ ತಾನೇ ನಡೆದುಕೊಂಡು ಹೋಗಿ ಪೆಟ್ಟಿಗೆಗೆ ಬೀಳ್ತದೆ. ಸಲ ಸಲವೂ ಬಿದ್ದಿದೆ. ನಿಮ್ಮದೂ ಬೀಳ್ತದೆ ನೋಡಿ.”

ಮತ್ತೆ ನಗು. ಮೂಲೆಮನೆಯವರು ಮಾತ್ರ ಮೀನಿನ ಮುಳ್ಳು ಬಿಡಿಸುತ್ತ ತಲೆ ತಗ್ಗಿಸಿದ್ದರು.

ಊಟವಾಗುವ ಹೊತ್ತಿಗೆ ನನಗೆ ಚಳಿ ಹಿಡಿದಿತ್ತು. ಫೋನಿನ ಅಂಗಡಿಗೆ ಹೊರಡಲೆಂದು ಕಪ್ಪು ಅಬಾಯಾ ತೊಡಲು ಎದ್ದವಳನ್ನು ಇವರು ತಡೆದರು. “ಈ ಜ್ವರದಲ್ಲಿ ಎಲ್ಲಿಗೆ ಬರ್ತೀ? ಮಲಗು. ಚಿಕ್ಕಮ್ಮನ ವಿಷಯ ತಾನೆ? ನಾನೇ ಹೇಳ್ತೇನೆ.” ಹಣೆ ಮುಟ್ಟಿ ನೋಡಿ, ಕಂಬಳಿ ಹೊದಿಸಿ ಹೋದರು.

ಬಂದ ಮೇಲೆ ಕೇಳಿದೆ. “ಹೇಳಿದ್ರಾ?”

“ಹೇಳಿದೆ.”

ಏನು ಹೇಳಿದಿರಿ ಎಂದು ಕೇಳಬೇಕು ಎಂದು ನನಗೆ ಹೊಳೆಯಲಿಲ್ಲ. ಜ್ವರಕ್ಕೆ ಹಣೆ ಮುಟ್ಟಿ ನೋಡಿದ ಮನುಷ್ಯನನ್ನು ಯಾರು ಹಾಗೆ ಪ್ರಶ್ನಿಸುತ್ತಾರೆ?

ಮುಂದಿನ ಶುಕ್ರವಾರ ನಾನೂ ಹೋದೆ. ಮತದಾನಕ್ಕೆ ಇನ್ನು ಕೆಲವೇ ದಿನ. ಗುರುತನ್ನು ಇನ್ನೊಮ್ಮೆ ನೆನಪಿಸಬೇಕು, ಒಬ್ಬೊಬ್ಬ ಹೆಂಗಸಿಗೂ ನಾನೇ ಹೇಳಬೇಕು ಎಂದಿದ್ದೆ. ಅಂಗಡಿಯ ಕೊನೆಯ ಕ್ಯಾಬಿನ್ನಿನ ಗಾಜಿಗೆ ಹೆಂಗಸರಿಗೆಂದು ಪರದೆ ಹಾಕಿದ್ದರು. ಅವತ್ತು ನನಗೇ ಮೊದಲ ಸರದಿ ಕೊಟ್ಟರು. ಅತ್ತೆ ಫೋನೆತ್ತಿದರು.

“ಜ್ವರ ಹೇಗುಂಟು? ಇವನು ಹೇಳಿದ. ಅಂತೂ ನಿನ್ನ ಚಿಕ್ಕಮ್ಮ ಹಿಂದೆ ಸರಿದದ್ದು ಒಳ್ಳೇದಾಯ್ತು ಮಗಾ. ಈ ಪ್ರಾಯದಲ್ಲಿ ಆ ಗಂಡಸರ ನಡುವೆ ಯಾಕೆ ಬೇಕಿತ್ತು?”

ನನಗೆ ಅರ್ಥವಾಗಲಿಲ್ಲ. “ಯಾರು ಹಿಂದೆ ಸರಿದದ್ದು ಅತ್ತೆ?”

“ನಿನ್ನ ಚಿಕ್ಕಮ್ಮ. ನೀನೇ ಹೇಳಿ ಕಳಿಸಿದ್ದಂತಲ್ಲ? ಮೊದಲು ಯಾರೂ ನಂಬಲಿಲ್ಲ. ಪೇಪರಿನಲ್ಲಿ ಹೆಸರು ಉಂಟು ಅಂತ ಮೂಲೆಮನೆಯವಳು ಹೇಳಿದಳು. ಇವನು, ‘ಪೇಪರಿನವರಿಗೆ ಎಂತ ಗೊತ್ತು, ನನ್ನ ಹೆಂಡತಿಯೇ ಹೇಳಿದ್ದು, ಅವಳ ಸ್ವಂತ ಚಿಕ್ಕಮ್ಮ’ ಅಂದ ಮೇಲೆ ಎಲ್ಲರೂ ಸುಮ್ಮನಾದರು. ಈಗ ಧನಿಗೇ ಹಾಕುದು ಅಂತ ಆಗಿದೆ.”

ಪರದೆಯ ಆಚೆ ನನ್ನ ಗಂಡ ಯಾರಿಗೋ ಏನೋ ಹೇಳಿ ನಗುತ್ತಿದ್ದರು.

“ಅತ್ತೆ, ನಾನು ಹಾಗೆ ಹೇಳಲೇ ಇಲ್ಲ. ಚಿಕ್ಕಮ್ಮ ಕಣದಲ್ಲಿದ್ದಾರೆ. ಗುರುತು ಹೊಲಿಗೆ ಮಿಷನ್. ಜಗಲಿಯಲ್ಲಿ ಇರುವವರನ್ನು ಒಬ್ಬೊಬ್ಬರಾಗಿ ಕರೀರಿ, ನಾನೇ ಹೇಳ್ತೇನೆ.”

ಅತ್ತೆ ಧ್ವನಿ ತಗ್ಗಿಸಿದರು. “ಗಂಡ ಒಂದು ಹೇಳುದು, ಹೆಂಡತಿ ಒಂದು ಹೇಳುದು, ಅದನ್ನು ಊರಿನ ಹೆಂಗಸರು ನಮ್ಮ ಚಾವಡಿಯಲ್ಲಿ ನಿಂತು ಕೇಳುದಾ? ನನ್ನ ಮಗ ಸುಳ್ಳ ಅಂತ ನಾನೇ ಕರೆದು ಹೇಳಿಸ್ಬೇಕಾ? ನೀವಿಬ್ಬರು ಮೊದಲು ಅಲ್ಲಿ ಮಾತಾಡಿ ಸರಿ ಮಾಡಿಕೊಳ್ಳಿ.”

“ಅತ್ತೆ, ನಾದಿನಿಯ ಹೆರಿಗೆ ಮಾಡಿಸಿದ್ದು ಚಿಕ್ಕಮ್ಮನೇ—”

“ಗೊತ್ತುಂಟು. ನನಗೆ ಗೊತ್ತಿಲ್ಲವಾ?”

ಅಷ್ಟರಲ್ಲಿ ಅಂಗಡಿಯ ಮಲಯಾಳಿ ಗಾಜು ಕುಟ್ಟಿದ. ಸಲಾಹ್, ಸಲಾಹ್. ಇಳಿಹೊತ್ತಿನ ನಮಾಜಿನ ಸಮಯವಾಗಿತ್ತು, ಶಟರು ಇಳಿಸಬೇಕು. ಲೈನು ಕಡಿಯಿತು. ಉಳಿದವರಿಗೆ ಸರದಿಯೇ ಸಿಗಲಿಲ್ಲ ಎಂದು ಕ್ರೇನಿನವರು ಗೊಣಗಿದರು. “ಹೆಂಗಸರಿಗೆ ಮೊದಲು ಕೊಟ್ಟರೆ ಹೀಗೇ ಆಗುದು.”

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದೆ. ಇವರು ಅಲ್ಲಗಳೆಯಲಿಲ್ಲ. ಶೂ ಬಿಚ್ಚುತ್ತ ಹೇಳಿದರು, “ಅವರು ಹೇಗೂ ಗೆಲ್ಲುದಿಲ್ಲ. ಹಾಗಿರುವಾಗ ಯಾರಿಗೆ ಎಂತ ನಷ್ಟ?”

“ಗೆಲ್ಲುವುದಿಲ್ಲ ಎಂದು ಗೊತ್ತಿದ್ದರೆ ಸುಳ್ಳು ಯಾಕೆ ಬೇಕಿತ್ತು?”

“ತಮ್ಮನ ವೀಸಾ ಧನಿಯ ಬಾವನ ಆಫೀಸಿನಲ್ಲಿ ಕೂತಿದೆ. ಹೊಳೆಯಾಚೆಯ ಬೂತು ಪೂರ್ತಿ ನಮ್ಮದು ಅಂತ ನಾನು ಮಾತು ಕೊಟ್ಟಿದ್ದೇನೆ. ನನ್ನ ಹೆಂಡತಿಯ ಕಡೆಯವರಿಗೇ ಅಲ್ಲಿ ಓಟು ಬಿದ್ದರೆ ನನ್ನ ಮುಖ ಎಲ್ಲಿಡಲಿ?”

“ನಿಮ್ಮ ಮಾತು ಉಳಿಸಲು ನನ್ನ ಮಾತನ್ನು ಯಾಕೆ ತೆಗೆದುಕೊಂಡಿರಿ? ನೀವೇ ಹೇಳಿದ್ದು ಅಂತ ಹೇಳಬಹುದಿತ್ತಲ್ಲ?”

ಆಗ ಅವರು ಹೇಳಿದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಮರೆತಿಲ್ಲ. “ನಾನು ಹೇಳಿದರೆ ಅವರು ನಂಬುತ್ತಿರಲಿಲ್ಲ.”

ಅಂದರೆ ಅವರಿಗೆ ಎಲ್ಲ ಗೊತ್ತಿತ್ತು. ಆ ಜಗಲಿಯಲ್ಲಿ ಕೂತು ಹ್ಞೂಂ ಎನ್ನುವ ಹೆಂಗಸರು ಗಂಡಸರ ಮಾತನ್ನೆಲ್ಲ ನುಂಗುವುದಿಲ್ಲ, ಮೂಲೆಮನೆಯವಳು ಪೇಪರು ಓದುತ್ತಾಳೆ, ನರ್ಸಮ್ಮನ ವಿಷಯದಲ್ಲಿ ಅವರು ನಂಬುವುದಿದ್ದರೆ ನನ್ನೊಬ್ಬಳನ್ನು, ಎಲ್ಲವೂ ಗೊತ್ತಿತ್ತು. ಅದಕ್ಕೇ ಆ ನಂಬಿಕೆಯನ್ನೇ ತೆಗೆದು ಬಳಸಿದರು. ಅಡಿಗೆಮನೆಯ ಕತ್ತಿ ತೆಗೆದ ಹಾಗೆ, ಕೇಳದೆ.

“ನಾಳೆಯೇ ಫೋನ್ ಮಾಡಿ ಸರಿಮಾಡಿ” ಎಂದೆ. ಮುಂದಿನ ಶುಕ್ರವಾರ ನೋಡೋಣ ಎಂದರು. ಮತದಾನ ಅದಕ್ಕೆ ಮೊದಲೇ ಇತ್ತು. ಅದೂ ಅವರಿಗೆ ಗೊತ್ತಿತ್ತು.

ಚಿಕ್ಕಮ್ಮನ ಮನೆಯಲ್ಲಿ ಫೋನಿಲ್ಲ. ಅವರು ದಿನವಿಡೀ ಯಾವ ಹಳ್ಳಿಯ ಯಾವ ಗದ್ದೆಯ ಹುಣಿಯ ಮೇಲೆ ನಡೆಯುತ್ತಿದ್ದರೋ. ಕಾಗದ ಹಾಕಿದರೆ ಅದು ತಲುಪುವಾಗ ಫಲಿತಾಂಶವೇ ಬಂದಿರುತ್ತದೆ. ಭಾನುವಾರ ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ನಾನು ಅಬಾಯಾ ಹಾಕಿ ಒಬ್ಬಳೇ ಕ್ಯಾಬಿನ್ ಅಂಗಡಿಗೆ ಹೋದೆ. ಒಬ್ಬಳೇ ಹಾಗೆ ಹೋದದ್ದು ಅದೇ ಮೊದಲು. ಮಲಯಾಳಿ ಎದ್ದು ನಿಂತ. “ಮೇಡಂ, ಸಾರ್ ಎಲ್ಲಿ?” ಎಂದು ಹಿಂದಿಯಲ್ಲಿ ಕೇಳಿ ಬೀದಿಯ ಎರಡೂ ಕಡೆ ನೋಡಿದ. ಅವನ ಹೆದರಿಕೆ ನಿಜವಾದದ್ದು. ಒಂಟಿ ಹೆಂಗಸು ಯಾಕೆ ಎಂದು ಧಾರ್ಮಿಕ ಪೊಲೀಸರು ಬಂದು ಕೇಳಿದರೆ ಹೋಗುವುದು ಅವನ ಅಂಗಡಿ. ಬೇಗ ಮುಗಿಸುತ್ತೇನೆ ಎಂದೆ. ಪರದೆಯ ಕ್ಯಾಬಿನ್ ತೋರಿಸಿದ.

ಮಾವ ಫೋನೆತ್ತಿದರು. ಶುಕ್ರವಾರ ಬಿಟ್ಟು ಬೇರೆ ದಿನ ಕರೆ ಬಂದರೆ ಸಾವಿನ ಸುದ್ದಿ ಎಂದೇ ಲೆಕ್ಕ. “ಎಂತ ಆಯ್ತು? ಯಾರಿಗೆ ಎಂತ ಆಯ್ತು?” ಎಂದು ಕೂಗಿದರು. ಯಾರಿಗೂ ಏನೂ ಆಗಿಲ್ಲ ಎಂದು ಹೇಳಿ, ವಿಷಯ ಬಿಡಿಸಿ ಹೇಳಿದೆ. ಮೂಲೆಮನೆಯವಳನ್ನು ಒಮ್ಮೆ ಕರೆಸಿದರೆ ಸಾಕು ಎಂದೆ.

ಅವರಿಗೆ ಸಮಾಧಾನವಾಯಿತು, ಕೂಡಲೇ ಸಿಟ್ಟೂ ಬಂತು. “ಇದಕ್ಕೆ ಫೋನಾ? ನಮ್ಮ ಮನೆಯ ಫೋನಿನಲ್ಲಿ ರಾಜಕೀಯ ಮಾತಾಡುದು ಬೇಡ. ಅವಳಿಗೆ ಹೇಳ್ತೇನೆ, ಇಡು.”

ಅವರು ಹೇಳಲಿಲ್ಲ.

ಮತದಾನ ಕಳೆದ ಮೇಲಿನ ಶುಕ್ರವಾರ ಅತ್ತೆ ಏನೂ ಆಗದವರಂತೆ ಮಾತನಾಡಿದರು. ಮಳೆ ನಿಂತಿದೆ, ದನ ಕರು ಹಾಕಿದೆ. ಕೊನೆಗೆ ಒಂದು ಮಾತು ಸೇರಿಸಿದರು. “ನಿಮ್ಮಿಬ್ಬರದೂ ಹಾಕಿ ಆಯ್ತು.”

“ಏನು ಹಾಕಿ ಆಯ್ತು?”

“ಓಟು. ನಿಮ್ಮ ಹೆಸರು ಇಲ್ಲೇ ಉಂಟಲ್ಲ.”

“ನನ್ನ ಓಟು ಯಾರು ಹಾಕಿದ್ದು?”

“ಯಾರೋ ಹುಡುಗಿ. ಧನಿಯ ಕಡೆಯವರು ಜೀಪಿನಲ್ಲಿ ಕರೆದುಕೊಂಡು ಬಂದಿದ್ದರು. ನನಗೆ ಪರಿಚಯ ಇಲ್ಲ.”

ಐದು ವರ್ಷ ನಾನು ರಾಜ್ಯಶಾಸ್ತ್ರ ಓದಿದ್ದೆ. ಮತದಾನದ ಹಕ್ಕಿನ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಯಾವ ಹುಡುಗಿಯೋ ನನ್ನ ಹೆಸರು ಹೇಳಿ, ನನ್ನ ಬದಲು ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ನನ್ನ ಚಿಕ್ಕಮ್ಮನ ವಿರುದ್ಧ ಒತ್ತಿ, ಜೀಪು ಹತ್ತಿ ಹೋಗಿದ್ದಳು. ಕ್ರೇನಿನವರು ಹೇಳಿದ್ದು ತಮಾಷೆಯೇ ಆಗಿರಲಿಲ್ಲ.

ಎಣಿಕೆಯಾಯಿತು. ಧನಿ ಗೆದ್ದರು. ಚಿಕ್ಕಮ್ಮನ ಠೇವಣಿ ಹೋಯಿತು. ಎರಡು ದಿನ ಬಿಟ್ಟು ಪೇಟೆಯ ಅದೇ ಎಸ್‌ಟಿಡಿ ಬೂತಿನಿಂದ ಅವರ ಫೋನು ಬಂತು. ಸೋತದ್ದರ ಬಗ್ಗೆ ಏನೂ ಹೇಳಲಿಲ್ಲ. ಪ್ರಚಾರದಲ್ಲಿ ಕಾಲು ಬಾತಿದೆ, ರಾತ್ರಿ ಉಪ್ಪುನೀರಿನಲ್ಲಿ ಇಟ್ಟುಕೊಂಡು ಕೂರುತ್ತೇನೆ ಎಂದರು. ಆಮೇಲೆ, “ಒಂದು ಕೇಳ್ಲಾ ಮಗಾ?” ಎಂದರು.

“ಕೇಳಿ ಚಿಕ್ಕಮ್ಮಾ.”

“ಹೊಳೆಯಾಚೆಯ ಒಬ್ಬಳು ನಿನ್ನೆ ಸಂತೆಯಲ್ಲಿ ಸಿಕ್ಕಿದಳು. ‘ನೀವು ಹಿಂದೆ ತೆಗೆದದ್ದಲ್ಲವಾ ನರ್ಸಮ್ಮ, ಮತ್ತೆ ಪಟ್ಟಿಯಲ್ಲಿ ನಿಮ್ಮ ಮಿಷನ್ ಹೇಗೆ ಇತ್ತು’ ಅಂತ ಕೇಳಿದಳು. ನೀನೇ ಹೇಳಿದ್ದು ಅಂತ ಹೇಳಿದಳು.”

“ನಾನು ಹೇಳಿಲ್ಲ ಚಿಕ್ಕಮ್ಮಾ. ಇವರು ಹೇಳಿದ್ದು. ನನ್ನ ಹೆಸರಿನಲ್ಲಿ.”

“ನನಗೆ ಗೊತ್ತು. ನೀನು ಹೇಳುವವಳಲ್ಲ ಅಂತ ಅವಳಿಗೂ ಹೇಳಿದೆ. ಆದರೆ ಎಷ್ಟು ಜನರಿಗೆ ಅಂತ ಹೇಳುತ್ತಾ ತಿರುಗಲಿ? ನನ್ನ ಕಾಲು ಬಾತಿದೆ.”

ಅವರು ಆಡಿದ ಕಠಿಣ ಮಾತೆಂದರೆ ಅದೊಂದೇ. ಮೀಟರ್ ಓಡುತ್ತಿದೆ ಎಂದು ಇಟ್ಟುಬಿಟ್ಟರು.

ಆ ವಾರ ನಾನು ಮೀನು ತರಿಸಲಿಲ್ಲ. ಶುಕ್ರವಾರ ಎಲ್ಲರೂ ಬಂದು ಕೂತಾಗ ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಅಬಾಯಾ ಹಾಕಿ ಬಾಗಿಲಲ್ಲಿ ನಿಂತಿದ್ದೆ. “ಇವತ್ತು ಮೊದಲು ಫೋನು” ಎಂದೆ. ಕ್ರೇನಿನವರು ಏನೋ ಹೇಳಲು ಹೊರಟು ನನ್ನ ಮುಖ ನೋಡಿ ಬಿಟ್ಟುಬಿಟ್ಟರು. ನನ್ನ ಗಂಡ, “ಇನ್ನು ಎಂತ ಉಂಟು? ಎಲ್ಲ ಮುಗಿದಿದೆಯಲ್ಲ?” ಎಂದರು. ಆಗ ಮೂಲೆಮನೆಯವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. “ಅಕ್ಕನೇ ಮೊದಲು ಮಾತಾಡಲಿ” ಎಂದರು. ಅವರು ನಮ್ಮ ಮನೆಯಲ್ಲಿ ಅಷ್ಟು ಸ್ಪಷ್ಟವಾಗಿ ಮಾತನಾಡಿದ್ದನ್ನು ನಾನು ಬೇರೆ ಯಾವತ್ತೂ ಕೇಳಿಲ್ಲ.

ಪರದೆ ಎಳೆಯಲಿಲ್ಲ. ಗಾಜಿನ ಆಚೆ ಅವರೆಲ್ಲ ನಿಂತಿದ್ದರು. ಅತ್ತೆ ಎತ್ತಿದರು.

“ಅತ್ತೆ, ಮೂಲೆಮನೆಯವರನ್ನು ಕರೀರಿ. ಇಲ್ಲಿ ಅವರ ಯಜಮಾನರು ಸರದಿ ಬಿಟ್ಟುಕೊಟ್ಟಿದ್ದಾರೆ.”

ಆ ಸರದಿ ತಡೆಯುವ ಅಧಿಕಾರ ಅತ್ತೆಗಿರಲಿಲ್ಲ. ರಿಸೀವರ್ ಕೈ ಬದಲಾದ ಸದ್ದು ಬಂತು. ನಾನು ನಿಧಾನವಾಗಿ, ಪ್ರತಿ ಪದ ಬಿಡಿಸಿ ಹೇಳಿದೆ. “ನರ್ಸಮ್ಮ ಹಿಂದೆ ಸರಿದಿರಲಿಲ್ಲ. ಕೊನೆಯವರೆಗೂ ಕಣದಲ್ಲಿದ್ದರು. ಅವರು ಸರಿದಿದ್ದಾರೆ ಎಂದು ನಾನು ಯಾರ ಹತ್ತಿರವೂ ಹೇಳಿಲ್ಲ. ನನ್ನ ಹೆಸರಿನಲ್ಲಿ ಹೇಳಿದ್ದು ಸುಳ್ಳು. ಇದನ್ನು ಜಗಲಿಯಲ್ಲಿ ಇರುವವರಿಗೆಲ್ಲ ಹೇಳಿ. ಈಗಲೇ, ನನಗೆ ಕೇಳುವ ಹಾಗೆ.”

ಅವಳು ರಿಸೀವರನ್ನು ಬಾಯಿಂದ ದೂರ ಹಿಡಿದು ಹೇಳಿದ್ದು ನನಗೆ ಕೇಳಿಸಿತು. ನಾನು ಹೇಳಿದಷ್ಟೇ, ಒಂದು ಪದವೂ ಬಿಡದೆ. ಅತ್ತ ಯಾರೂ ಹ್ಞೂಂ ಎನ್ನಲಿಲ್ಲ. ಮಗುವೊಂದು ಕೆಮ್ಮಿತು. ಆಮೇಲೆ ಅವಳು ಮತ್ತೆ ಫೋನಿಗೆ ಬಂದಳು.

“ಹೇಳಿದೆ ಅಕ್ಕ. ಆದರೆ ಈಗ ಹೇಳಿ ಎಂತ ಪ್ರಯೋಜನ? ಓಟು ಹೋಯ್ತಲ್ಲ. ನಾನು ಮಿಷನ್ ಮೇಲೆ ಒತ್ತಲಿಕ್ಕೆ ಹೋದವಳು, ಸುಮ್ಮನೆ ವೇಸ್ಟ್ ಅಂತ ಧನಿಗೆ ಒತ್ತಿ ಬಂದೆ. ನನ್ನ ಮಗನನ್ನು ಉಳಿಸಿದ ಕೈ ಅದು. ನಾಳೆ ಅವರು ಎದುರಿಗೆ ಸಿಕ್ಕಿದರೆ ನಾನು ಎಂತ ಹೇಳಲಿ?”

ಗಾಜಿನ ಆಚೆ ನನ್ನ ಗಂಡ ಗಡಿಯಾರ ತೋರಿಸುತ್ತಿದ್ದರು. ನಾನು ಬಾಗಿಲು ತೆರೆದು ರಿಸೀವರನ್ನು ಅವರ ಕಡೆ ಚಾಚಿದೆ.

“ಅವಳು ಒಂದು ಪ್ರಶ್ನೆ ಕೇಳ್ತಾ ಇದ್ದಾಳೆ. ಉತ್ತರ ಕೊಡಿ” ಎಂದೆ.

ಅವರು ತೆಗೆದುಕೊಳ್ಳಲಿಲ್ಲ. ಕ್ರೇನಿನವರು ಬೀದಿಯ ಕಡೆ ತಿರುಗಿ ನಿಂತರು. ರಿಸೀವರ್ ನನ್ನ ಕೈಯಲ್ಲೇ ಇತ್ತು. ಅದರೊಳಗಿಂದ ಅವಳು “ಹಲೋ, ಹಲೋ” ಎನ್ನುತ್ತಲೇ ಇದ್ದಳು.